ಕೂಸಿಗೆ ಎರೆಯಲು ಬಂದವಳು

ನಾನು ಏಳು ತಿಂಗಳ ಬಸುರಿ ಇದ್ದಾಗಲೇ ಅವ್ವ ಹುಡಗಿ ಎಂಬ ಊರಿನ ಒಬ್ಬ ಹೆಂಗಸಿಗೆ ಎಲೆ-ಅಡಿಕೆ ಕೊಟ್ಟು, ಬಾಣಂತನಕ್ಕೆ ಬಾ ಎಂದು ಹೇಳಿ ಬಂದಿದ್ದಳು. ತಾಯಿ-ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದರಲ್ಲಿ ಆಕೆ ಹೆಸರಾದವಳು. ಹೆರಿಗೆಯಾದ ಸುದ್ದಿಯನ್ನು ಅಪ್ಪ ಕೂಡಲೇ ಫೋನ್ ಮಾಡಿ ಹೇಳಿದ. ಐದನೆಯ ದಿನ ಬರುತ್ತೇನೆ ಎಂದಳಂತೆ. ಕೂಸು ಹೋದ ಸುದ್ದಿಯನ್ನು ಮಾತ್ರ ಯಾರೂ ಹೇಳಲಿಲ್ಲ. ಅಪ್ಪ ಹೇಳಿರಬೇಕು ಎಂದು ಅವ್ವ, ಅವ್ವ ಹೇಳಿರಬೇಕು ಎಂದು ಅಪ್ಪ.

ನಾನು ಹೆತ್ತದ್ದು ಬಸವಕಲ್ಯಾಣದಲ್ಲಿ. ಉಸಿರಾಟಕ್ಕೆ ಕಷ್ಟವೆಂದು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹುಮನಾಬಾದಿಗೆ ಒಯ್ದರು. ಅವ್ವ ಜೊತೆಗೆ ಹೋದಳು. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಮರುದಿನ ಅವ್ವ ಬರಿಗೈಯಲ್ಲಿ ಬಂದಳು. ಗಂಡಸರು ಅತ್ತ ಕಡೆಯೇ ಮಣ್ಣು ಮಾಡಿದ್ದರು. ಹೆಣ್ಣು ಎಂಬುದಷ್ಟೇ ನನಗೆ ಗೊತ್ತು. ಮುಖ ಹೇಗಿತ್ತು ಎಂದು ಕೇಳಿದರೆ ಅವ್ವನೂ ಮಾತು ತಿರುಗಿಸುತ್ತಿದ್ದಳು. ನೆರೆಹೊರೆಯ ಹೆಂಗಸರು ಬಂದು, "ಗಿಡ ಗಟ್ಟಿ ಇದ್ರ ಹೂ ಮತ್ತ ಬಿಡ್ತದ" ಎನ್ನುವರು. ಅವರ ಬಾಯಿಗೆ ಬೀಗ ಜಡಿಯಬೇಕೆನಿಸುತ್ತಿತ್ತು. ನಾನೇನು ಗಿಡವೇ? ಹಾಲು ತುಂಬಿ ನನ್ನ ಕುಪ್ಪಸ ನೆನೆಯುತ್ತಿತ್ತು.

ಹೇಳಿದ ದಿನ ಬೆಳಿಗ್ಗೆ ಆಕೆ ಬಂದೇಬಿಟ್ಟಳು. ಚೀಲದಲ್ಲಿ ಬಜೆ, ಅರಿಸಿನ, ಕೂಸಿನ ಕೈಗೆ ಕಟ್ಟಲು ಕರಿದಾರ.

"ಕೂಸು ಎಲ್ಲದರಿ ಅಕ್ಕಾರ?"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಕೆಗೆ ತಿಳಿಯಿತು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕುಳಿತಳು. ಅವ್ವ ಕಣ್ಣೊರೆಸಿಕೊಂಡು, "ಕೂಸೇ ಇಲ್ಲದ ಮ್ಯಾಲ ಯಾರಿಗೆ ಎರೀತಿ? ಹೋಗವ್ವ" ಎಂದಳು.

"ಹಡದಾಕಿ ಅದಾಳಲ್ರಿ" ಎಂದು ಆಕೆ ನೀರು ಕಾಯಿಸಲು ಎದ್ದಳು.

ಬಚ್ಚಲಲ್ಲಿ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ, ಮನೆಗೆ ಬಂದವರು ಯಾರೂ ಕೇಳದ್ದನ್ನು ಆಕೆ ಕೇಳಿದಳು.

"ಕೂಸು ಯಾರ ಹಾಂಗ ಇತ್ತು ತಂಗಿ?"

ಯಾರಾದರೂ ಅದರ ಮಾತೆತ್ತಲಿ ಎಂದೇ ಕಾದಿದ್ದೆ. ಎತ್ತಿದಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. "ನಾ ನೋಡೇ ಇಲ್ಲ" ಎಂದವಳಿಗೆ ಅಳು ಒತ್ತರಿಸಿ ಬಂತು. ಹೊಟ್ಟೆಯಲ್ಲಿ ಹೊತ್ತ ಮಗಳನ್ನು ದಾರಿಯಲ್ಲಿ ಕಂಡಿದ್ದರೂ ಗುರುತಿಸಲಾರದ ತಾಯಿ ನಾನು.

ಆಕೆಯ ಕೈ ನಿಂತಿತು. ಬಾಗಿಲಾಚೆ ನಿಂತು ಕೇಳಿಸಿಕೊಂಡ ಅವ್ವ ಒಳಗೆ ಬಂದು, ನನ್ನೆದುರು ಒದ್ದೆ ಕಲ್ಲಿನ ಮೇಲೆಯೇ ಕುಳಿತಳು.

"ನಿನ್ನ ಹಾಂಗೇ ಇತ್ತವ್ವ" ಎಂದಳು. "ತಲಿ ತುಂಬ ಕೂದಲ. ಗಲ್ಲಕ್ಕ ಗುಳಿ. ದಾರ್ಯಾಗ ನನ್ನ ಬೆರಳ ಹಿಡಕೊಂಡಿತ್ತು, ಹುಮನಾಬಾದ್ ಬರೂತನಕ ಬಿಡಲಿಲ್ಲ."

ಇನ್ನೂ ಹೇಳು ಎಂದೆ. ಕಾಯಿಸಿದ ನೀರು ಆರುವವರೆಗೂ ಹೇಳಿದಳು.