ಶೀಲ್ಡ್ ಮೇಲಿನ ಕುಂಕುಮ

ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಯಾರ ಮುಖಕ್ಕೆ ಯಾವ ರಕ್ಷಣೆ ಎಂದು ಆರಿಸಿ ಕೊಡುವವಳೂ ನಾನೇ. ವೆಲ್ಡಿಂಗ್‌ನವರಿಗೆ ಕಪ್ಪು ಗಾಜು, ಆಸಿಡ್ ತೊಟ್ಟಿಯ ಹತ್ತಿರ ನಿಲ್ಲುವವರಿಗೆ ಸುತ್ತಲೂ ಮುಚ್ಚಿದ ಕನ್ನಡಕ, ಗ್ರೈಂಡಿಂಗ್‌ನವರಿಗೆ ಗಲ್ಲದ ಕೆಳಗೂ ಇಳಿಯುವ ಪ್ಲಾಸ್ಟಿಕ್ ಫೇಸ್ ಶೀಲ್ಡ್. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ಹೆದರಿಕೆ ಇದ್ದದ್ದು ಒಬ್ಬರ ವಿಷಯದಲ್ಲಿ ಮಾತ್ರ. ಹೊಸಕೋಟೆಯಿಂದ ಬರುವ ಹಿರಿಯರು, ಗ್ರೈಂಡಿಂಗ್ ಕೆಲಸ. ಎಲ್ಲರೂ ಭಾಯಿ ಅನ್ನುತ್ತಿದ್ದೆವು. ಹಿಂದೆ ಬೇರೆಲ್ಲೋ ಕೆಲಸ ಮಾಡುವಾಗ ಕಬ್ಬಿಣದ ಚೂರು ಸಿಡಿದು ಅವರ ಎಡಗಣ್ಣಿನ ದೃಷ್ಟಿ ಹೋಗಿತ್ತು. ಉಳಿದ ಒಂದು ಕಣ್ಣಿಗೆ ನಾನು ಕೊಟ್ಟದ್ದೇ ಕಾವಲು. ಗಡ್ಡವೂ ಮುಚ್ಚುವಷ್ಟು ಉದ್ದನೆಯ ಶೀಲ್ಡ್ ಹುಡುಕಿ ತರಿಸಿದ್ದೆ. ಅದರೊಳಗೆ ಕನ್ನಡಕವೂ ಬೇಕು ಎಂದು ಅವರು ಕೇಳಿದಾಗ, "ಶೀಲ್ಡ್ ಇರೋವಾಗ ಅದ್ಯಾಕೆ ಭಾಯಿ, ಮದುವೆಗೆ ಹೊರಟಿದ್ದೀರಾ?" ಎಂದು ರೇಗಿಸಿದ್ದೆ. ಕೊನೆಗೆ ಅವರ ಕಾಟ ತಾಳಲಾರದೆ ಕೊಟ್ಟೆ.

ಆಯುಧಪೂಜೆಯ ದಿನ ಯಂತ್ರಗಳ ಜೊತೆಗೆ ಶೀಲ್ಡ್‌ಗಳಿಗೂ ಕುಂಕುಮ ಇಟ್ಟೆ. ನಮ್ಮನ್ನು ಕಾಯುವುದು ಅವೇ ತಾನೆ? ಉಳಿದವಕ್ಕೆ ಅಂಚಿನಲ್ಲಿ, ಭಾಯಿಯದಕ್ಕೆ ಮಾತ್ರ, ಚೆನ್ನಾಗಿ ಕಾಪಾಡಲಿ ಎಂದು, ಕಣ್ಣಿನ ನೇರಕ್ಕೇ. ರಜೆ ಮುಗಿಸಿ ಬಂದು ನೋಡಿದರೆ ಅವರ ಶೀಲ್ಡ್ ಮೇಲಿನ ಕೆಂಪು ಕಲೆ ಒಣಬಟ್ಟೆಗೆ ಜಗ್ಗಲಿಲ್ಲ. ಪೇಂಟ್ ಸೆಕ್ಷನ್ನಿನಿಂದ ಥಿನ್ನರ್ ತಂದು ಉಜ್ಜಿದೆ. ಫಳಫಳ ಹೊಳೆಯಿತು.

ಎರಡು ದಿನದ ಮೇಲೆ, ಮಧ್ಯಾಹ್ನದ ಊಟ ಆಗಿತ್ತಷ್ಟೆ, ಒಳಗಿಂದ ಢಬ್ ಎಂದು ಸದ್ದು. ಗ್ರೈಂಡಿಂಗ್ ಚಕ್ರ ಒಡೆದಿತ್ತು. ಓಡಿ ಹೋದರೆ ಭಾಯಿಯ ಶೀಲ್ಡ್ ಎರಡು ಹೋಳಾಗಿ ಬಿದ್ದಿದೆ. ಎತ್ತಿಕೊಂಡೆ. ನಾನು ಉಜ್ಜಿದ ಜಾಗದ ತುಂಬ ಕೂದಲೆಳೆಯಂಥ ಬಿರುಕುಗಳು. ಶೀಲ್ಡ್‌ನ ಡಬ್ಬಿಯ ಜೊತೆ ಬಂದಿದ್ದ ಚೀಟಿ ಆಗ ನೆನಪಾಯಿತು: ಸೋಪು ನೀರು ಬಿಟ್ಟು ಬೇರೇನೂ ತಾಗಿಸಬಾರದು, ಪ್ಲಾಸ್ಟಿಕ್ ಪೆಡಸಾಗುತ್ತದೆ. ಅದನ್ನು ಓದಿ ಡ್ರಾಯರಿಗೆ ತುರುಕಿದವಳು ನಾನೇ.

ಭಾಯಿ ನೆಲದ ಮೇಲೆ ಕೂತಿದ್ದರು, ಎರಡೂ ಕೈ ಮುಖದ ಮೇಲೆ. ಬೆರಳ ಸಂದಿಯಲ್ಲಿ ರಕ್ತ. ಕೈ ತೆಗೀರಿ ಎನ್ನಲು ನನಗೆ ಬಾಯಿ ಬರಲಿಲ್ಲ. ತೆಗೆದರೆ ಏನು ಕಾಣುತ್ತದೋ ಎಂಬ ಭಯ. ಅವರೇ ತೆಗೆದರು. ಕೆನ್ನೆ ಸೀಳಿತ್ತು. ಕನ್ನಡಕದ ಮೇಲೆ ಆಳವಾದ ಗೀರು, ಅದರ ಹಿಂದೆ ಕಣ್ಣು ಪಿಳಿಪಿಳಿ ಅನ್ನುತ್ತಿತ್ತು.

"ಹೆದರ್ಬೇಡಮ್ಮ, ಕಾಣ್ತಾ ಇದೀಯ. ನೀನು ಆರಿಸಿದ ಶೀಲ್ಡ್ ಅಲ್ವಾ, ಕಣ್ಣು ಉಳಿಸ್ತು."

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮಾತು ಹೊತ್ತುಕೊಂಡು ಮನೆಗೆ ಹೋಗುವುದು ನನ್ನಿಂದಾಗಲಿಲ್ಲ. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡು ಬಂದವರ ಮುಂದೆ ನಿಂತು, "ಭಾಯಿ, ಅದನ್ನ ಥಿನ್ನರ್ ಹಾಕಿ ಒರೆಸಿದ್ದೆ. ಅದಕ್ಕೇ ಒಡೀತು. ಉಳಿಸಿದ್ದು ನೀವು ಕೇಳಿ ಇಸ್ಕೊಂಡ ಕನ್ನಡಕ" ಎಂದೆ.

ಅವರು ಬಲಗೈಯಿಂದ ಒಳ್ಳೆಯ ಕಣ್ಣನ್ನು ಮುಚ್ಚಿಕೊಂಡು ನನ್ನತ್ತ ತಿರುಗಿದರು.

"ಏನು ಕಾಣ್ತದೆ ಭಾಯಿ?"

"ಬೆಳಕು ಅಷ್ಟೇ ಕಣಮ್ಮ. ನೀನಿಲ್ಲ."

ಕೈ ಇಳಿಸಿದರು. "ಮುಂದಿನ ಹಬ್ಬಕ್ಕೆ ಕುಂಕುಮ ಇಟ್ರೆ ಹಾಗೇ ಇರ್ಲಿ ಬಿಡು. ಒರೆಸೋಕೆ ಹೋಗ್ಬೇಡ."