ಹಾಲಿನ ಲೋಟ, ಕೆಂಪು ಮಾತ್ರೆ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಅತ್ತೆ ನನ್ನ ಬಾಯಿಗೆ ಬೀಗ ಹಾಕಿದ್ದರು. ಆದರೆ ತೊಂಡೇಬಾವಿ ಹತ್ತಿರದ ನಮ್ಮೂರಿನಲ್ಲಿ ಹೊಸ ಸೊಸೆ ಬೆಳಿಗ್ಗೆ ಹಿತ್ತಲಿನಲ್ಲಿ ಒಂದು ಸಲ ಓಕರಿಸಿದರೆ ಸಾಕು, ಆಮೇಲೆ ಹೇಳಬೇಕಾದ್ದೇನೂ ಉಳಿಯುವುದಿಲ್ಲ. ನಾನೂ ಅತ್ತೆಯೂ ಸೆರಗು ಹೊದ್ದು ಗುಟ್ಟಾಗಿ ಊರ ಆರೋಗ್ಯ ಸಬ್‌ಸೆಂಟರಿಗೆ ಹೋದರೆ, ಅಲ್ಲಿನ ಸಿಸ್ಟರ್ ನಗುತ್ತಾ, "ಬಂದ್ಯಾ ತಾಯಿ? ಹೋದ ತಿಂಗಳೇ ಬರ್ತೀಯ ಅನ್ಕೊಂಡಿದ್ದೆ" ಎಂದರು.

ಸುತ್ತಲಿನ ಹಳ್ಳಿಗಳ ಬಸುರಿ, ಬಾಣಂತಿಯರನ್ನೆಲ್ಲ ನೋಡಿಕೊಳ್ಳುವವರು ಈ ಸಿಸ್ಟರ್. ಚೊಚ್ಚಲ ಬಸುರಿಯ ತಪಾಸಣೆ ಎಂದರೆ ಏನೇನೋ ಇರುತ್ತದೆ ಎಂದು ನಾನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಹೆದರಿದ್ದೆ. ಅಲ್ಲಿ ಆದದ್ದು ಇಷ್ಟು: ಚಪ್ಪಲಿ ಬಿಡಿಸಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಕೈಗೊಂದು ಪುಟ್ಟ ಡಬ್ಬಿ ಕೊಟ್ಟು ಬಚ್ಚಲಿಗೆ ಕಳಿಸಿದರು. ಕೊನೆಗೆ ಉಂಗುರದ ಬೆರಳನ್ನು ಚುಕ್ ಎಂದು ಚುಚ್ಚಿ ಒಂದು ಹನಿ ರಕ್ತ ತೆಗೆದು ಕೈಯಳತೆಯ ಯಂತ್ರಕ್ಕೆ ಹಾಕಿದರು. ನಾನು "ಅಮ್ಮಾ" ಎಂದು ಕೂಗಿದ್ದಕ್ಕೆ, "ಇದಕ್ಕೇ ಹಿಂಗಂದ್ರೆ ಹೆರಿಗೆಗೆ ಊರೆಲ್ಲಾ ಎಬ್ಬಿಸ್ತೀಯ" ಎಂದರು. ನನಗೆ ಸಿಟ್ಟು ಬಂತು. ಬಸುರಿಯಾದ ಮೇಲೆ ನನಗೆ ಸಿಟ್ಟು ಬಾರದ ಮಾತೇ ಇರಲಿಲ್ಲ.

ಯಂತ್ರ ರಕ್ತದ ಅಂಶ ಒಂಬತ್ತು ಎಂದು ತೋರಿಸಿತು. ಹನ್ನೊಂದಾದರೂ ಇರಬೇಕಿತ್ತಂತೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ನುಂಗಲು ಕಬ್ಬಿಣದ ಕೆಂಪು ಮಾತ್ರೆ ಕೊಟ್ಟರು.

ನನ್ನ ತವರು ಚಿಂತಾಮಣಿ. ಏಳನೇ ತಿಂಗಳಲ್ಲಿ ಅಮ್ಮ ಬಂದು ಕರೆದುಕೊಂಡು ಹೋಗುವುದು, ಅಲ್ಲೇ ಹೆರಿಗೆ, ಅಲ್ಲೇ ಬಾಣಂತನ ಎಂದು ಎರಡೂ ಮನೆಯಲ್ಲಿ ಮಾತಾಗಿತ್ತು. ಅದನ್ನು ಹೇಳಿದಾಗ ಸಿಸ್ಟರ್ ಕಡ್ಡಿ ಮುರಿದಂತೆ ಉತ್ತರ ಕೊಟ್ಟರು: "ರಕ್ತ ಏರ್ಲಿಲ್ಲ ಅಂದ್ರೆ ಚಿಂತಾಮಣಿನೂ ಇಲ್ಲ, ಗಿಂತಾಮಣಿನೂ ಇಲ್ಲ. ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೇ ಬರ್ಕೊಡ್ತೀನಿ." ಮಂಡಿನೋವಿನ ಅಮ್ಮ ಅಷ್ಟು ದೂರ ಬಂದು ವಾರಗಟ್ಟಲೆ ಇರಲಾರಳು. ನೋವು ಬಂದಾಗ ಅಮ್ಮ ಪಕ್ಕದಲ್ಲಿರಬೇಕು ಎನ್ನುವುದೊಂದೇ ಆಗ ನನ್ನ ಆಸೆ. ಹುಳಿಮಾವೂ ಬೇಡ, ಸೀರೆಯೂ ಬೇಡ, ನನ್ನ ಬಯಕೆ ಅಷ್ಟೇ ಆಗಿತ್ತು.

ಹಾಗಾಗಿ ಮಾತ್ರೆಯನ್ನು ದೇವರ ಪ್ರಸಾದದಂತೆ ತೆಗೆದುಕೊಂಡೆ. ನಾನು ಮರೆತರೂ ಅತ್ತೆ ಮರೆಯುತ್ತಿರಲಿಲ್ಲ. ಊಟವಾದ ಮೇಲೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಹೊಗೆಯಾಡುವ ಹಾಲಿನ ದೊಡ್ಡ ಲೋಟ ಹಿಡಿದು ಬಂದು, "ತಾಗಮ್ಮಾ, ತಾಗು", ಕುಡಿಯಮ್ಮಾ ಕುಡಿ, ಎಂದು ತೆಲುಗಿನಲ್ಲೇ ಮುದ್ದು ಮಾಡಿ ಕುಡಿಸುತ್ತಿದ್ದರು. ಅವರಿಗೆ ಪ್ರೀತಿ ಬಂದಾಗ ತೆಲುಗು, ಲೆಕ್ಕಾಚಾರಕ್ಕೆ ಕನ್ನಡ. ಲೋಟ ಬರಿದಾಗುವವರೆಗೆ ಎದುರಿಗೇ ನಿಂತಿರುತ್ತಿದ್ದರು. ಗೌರಿಬಿದನೂರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಬಿಲ್ ಹಾಕಿ ಬಂದವಳಿಗೆ ಅಷ್ಟು ಸುಖ ಬೇರೆ ಇರಲಿಲ್ಲ.

ಐದು ತುಂಬಿ ಮತ್ತೆ ಬೆರಳು ಚುಚ್ಚಿಸಿಕೊಂಡಾಗ ರಕ್ತ ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಸಿಸ್ಟರ್ ನನ್ನ ಮುಖವನ್ನೇ ನೋಡಿದರು. "ನಿಜ ಹೇಳಮ್ಮ. ಮಾತ್ರೆ ತಿಪ್ಪೆಗೆ ಹಾಕ್ತಿದ್ದೀಯಾ? ಎಲ್ರೂ ಹಾಕ್ತಾರೆ, ಬೈಯಲ್ಲ."

ನನಗೆ ಅಳುವೇ ಬಂತು. ಬೆಂಚಿನ ಮೇಲೆ ಕೂತಿದ್ದ ಅತ್ತೆ ಎದ್ದು ನಿಂತರು. "ನನ್ನ ಕೈಯಾರೆ ಕೊಡ್ತೀನಮ್ಮ. ಒಂದು ದಿನ ತಪ್ಪಿಲ್ಲ. ಅದೂ ಬರೀ ನೀರಲ್ಲಲ್ಲ, ಗಟ್ಟಿ ಹಾಲಲ್ಲಿ!"

ಸಿಸ್ಟರ್ ಹಣೆ ಹಣೆ ಚಚ್ಚಿಕೊಂಡರು. ಹಾಲಿನ ಜೊತೆ ನುಂಗಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಟೀ, ಕಾಫಿಯೂ ಹಾಗೆಯೇ. ಹಾಲು ಬೆಳಿಗ್ಗೆ ಕುಡಿಯಲಿ, ಮಾತ್ರೆಗೆ ನಿಂಬೆಹಣ್ಣಿನ ನೀರು ಕೊಡಿ ಎಂದು ಸಮಾಧಾನವಾಗಿಯೇ ಹೇಳಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರೆ. ನಮ್ಮ ಪಾಲಿಗೆ ಅದು ತಿರುಗುಮುರುಗಾಗಿತ್ತು. ಎರಡು ತಿಂಗಳ ಮಾತ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ. ಮನೆಗೆ ಬಂದ ಅತ್ತೆ ಸಂಜೆ ಕರೆದ ಹಾಲನ್ನು ಒಂದು ತೊಟ್ಟೂ ಉಳಿಸದೆ ಡೇರಿಗೆ ಹಾಕಿ ಬಂದರು. ರಾತ್ರಿ ನಿಂಬೆಹಣ್ಣಿನ ನೀರನ್ನು ನನ್ನ ಪಕ್ಕದಲ್ಲಿಟ್ಟು, ಮುಖ ನೋಡದೆ ಹೋದರು.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಬೆಳಗಿನ ಹಾಲು ಕರೆಯುತ್ತಿದ್ದ ಅವರ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂರಲು ನೋಡಿದೆ, ಹೊಟ್ಟೆ ಬಿಡಲಿಲ್ಲ. ನಿಂತೇ, "ಅತ್ತೆ, ನಂಗೆ ಹಾಲು ಬೇಕು" ಎಂದೆ.

ಅವರ ಕೈ ನಿಂತಿತು. "ನನ್ನ ಹಾಲು ನಿನ್ನ ರಕ್ತ ತಿಂತಂತಲ್ಲ."

"ಬೆಳಿಗ್ಗೆ ಕುಡಿದ್ರೆ ತಿನ್ನಲ್ಲ ಅಂದ್ರಲ್ಲ ಸಿಸ್ಟರ್."

ಹಸುವಿನ ಪಕ್ಕೆಗೆ ಹಣೆ ಒರಗಿಸಿಕೊಂಡೇ ಅವರು ಮಾತಾಡಿದರು. "ಮೊದಲ್ನೇದು ಹೊಟ್ಟೇಲಿದ್ದಾಗ ನಂಗೆ ಹಾಲಂದ್ರೆ ಪ್ರಾಣ ಕಣಮ್ಮ. ಡೇರಿಗೆ ಕಮ್ಮಿ ಬೀಳುತ್ತೆ ಅಂತ ನಮ್ಮತ್ತೆ ಕೊಡ್ತಿರ್ಲಿಲ್ಲ. ಯಾರೂ ಇಲ್ದಾಗ ಬಕೆಟ್ಟಿಗೆ ಅಂಟಿದ ನೊರೇನ ಬೆರಳಲ್ಲಿ ತೆಗ್ದು ನೆಕ್ಕಿದ್ದೀನಿ. ನನ್ ಸೊಸೆಗೆ ಅಂಥದ್ದು ಬರ್ಬಾರ್ದು ಅಂತಿತ್ತು, ಅಷ್ಟೇ."

ಗೊಣಗಿದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಅವತ್ತು ಬೆಳಿಗ್ಗೆ ಎರಡು ಲೋಟ ಹಾಲು ಕುಡಿದು ಅಂಗಡಿಗೆ ಹೋಗಿ, ಮಧ್ಯಾಹ್ನದವರೆಗೆ ತೇಗುತ್ತಾ ಬಿಲ್ ಹಾಕಿದೆ.

ಆರನೇ ತಿಂಗಳ ತಪಾಸಣೆಯಲ್ಲಿ ಸಿಸ್ಟರ್ ಟೇಪು ಹಿಡಿದು ಹೊಟ್ಟೆಯ ಎತ್ತರ ಅಳೆದರು. ಆಮೇಲೆ ತಣ್ಣನೆಯ ಅಂಟು ಹಚ್ಚಿ ಒಂದು ಪುಟ್ಟ ಯಂತ್ರ ಒತ್ತಿದರು. ಮೊದಲು ಗೊರಗೊರ, ನಂತರ ಟಕಟಕ ಎಂಬ ಸದ್ದು ಕೋಣೆ ತುಂಬಿತು. ಮಗುವಿನ ಎದೆಬಡಿತ! ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, "ಮೇಕೆಮರಿ ಓಡಿದಂಗೈತಲ್ಲಮ್ಮ" ಎಂದರು. ಅದನ್ನು ಇನ್ನೊಮ್ಮೆ ಕೇಳಿಸಿ ಎಂದು ಎರಡು ಸಲ ಬೇಡಿದರು. ಹೆತ್ತಿದ್ದು ನಾಲ್ಕಾದರೂ ಅವರು ಆ ಸದ್ದು ಕೇಳಿದ್ದು ಅದೇ ಮೊದಲು. ನನಗಿಂತ ಅವರ ಕಣ್ಣೇ ಹೆಚ್ಚು ತುಂಬಿತ್ತು, ಅದನ್ನು ನೋಡಿ ನನ್ನದೂ ತುಂಬಿತು.

ಏಳನೇ ತಿಂಗಳು ಬೆರಳು ಚುಚ್ಚುವಾಗ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. "ಹನ್ನೊಂದು! ಹೋಗಮ್ಮ ನಿಮ್ಮ ಚಿಂತಾಮಣಿಗೆ" ಎಂದರು ಸಿಸ್ಟರ್. ಅಮ್ಮನಿಗೆ ಆಗಲೇ ಫೋನು ಮಾಡಬೇಕೆಂದು ನಾನು ಬ್ಯಾಗಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಅತ್ತೆ ಸಿಸ್ಟರ್ ಮುಂದೆ ತಮ್ಮ ಬೆರಳು ಚಾಚಿದರು.

"ನಂದೂ ಒಂದ್ಸಲ ನೋಡ್ತೀಯಾಮ್ಮ? ಆಗಲ್ಲ ಅಂದ್ರೆ ಬೇಡ."

ಸಿಸ್ಟರ್ ನಗುತ್ತಲೇ ಚುಚ್ಚಿದರು. ಯಂತ್ರ ನೋಡಿದ ಮೇಲೆ ನಗಲಿಲ್ಲ. ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದರು. ಕೆಳಗಿನ ರೆಪ್ಪೆ ಎಳೆದು ನೋಡಿದರು. ಅತ್ತೆಯದು ಏಳೂ ಇರಲಿಲ್ಲ.

"ಸುಸ್ತಾಗಲ್ವಾ ನಿಮ್ಗೆ? ಎದ್ರೆ ಕಣ್ಣು ಕತ್ತಲೆ ಬರಲ್ವಾ?"

"ಬರುತ್ತೆ. ಕೆಲಸ ಮಾಡೋರಿಗೆ ಅದು ಇದ್ದಿದ್ದೇ ಅಲ್ವಾಮ್ಮ?"

ಬರೀ ಮಾತ್ರೆಯಲ್ಲಿ ಮುಗಿಯುವ ಮಾತಲ್ಲ, ಇಷ್ಟು ರಕ್ತ ಎಲ್ಲಿ ಹೋಯಿತೆಂದು ನೋಡಬೇಕು, ಗೌರಿಬಿದನೂರಿಗೆ ಹೋಗಿ ಡಾಕ್ಟರಿಗೆ ತೋರಿಸಲೇಬೇಕು ಎಂದರು ಸಿಸ್ಟರ್. ಅತ್ತೆ ತಲೆಯಾಡಿಸಿದರು. ಆ ತಲೆಯಾಟ ನನಗೆ ಗೊತ್ತು. ನಾನು ಬಸ್ ಹತ್ತಿದ ದಿನವೇ ಅದನ್ನು ಮರೆಯುತ್ತಾರೆ. ನನ್ನ ಗಂಡ ಶಿಫ್ಟ್ ಕೆಲಸದವರು, ಮನೆಯಲ್ಲಿ ಬೇರೆ ಕೇಳುವವರಿಲ್ಲ. ಇಷ್ಟು ತಿಂಗಳು ನನ್ನ ಬೆರಳು, ನನ್ನ ರಕ್ತ ಎಂದು ಕುಣಿದ ನಾನು, ಪಕ್ಕದಲ್ಲಿ ಬಿಳಿಚಿಕೊಂಡು ನಡೆಯುತ್ತಿದ್ದವರನ್ನು ನೋಡಿಯೇ ಇರಲಿಲ್ಲ.

ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದೆ. ರಕ್ತ ಏರಿದೆ, ಆದರೆ ಈಗಲೇ ಬರಬೇಡ, ಅತ್ತೆಯನ್ನು ಡಾಕ್ಟರಿಗೆ ತೋರಿಸಿ ಅವರು ಸ್ವಲ್ಪ ಚೇತರಿಸಿಕೊಂಡ ಮೇಲೆ ಬರುತ್ತೇನೆ ಎಂದೆ. ಅಮ್ಮ, "ಸರಿ ಕಣೇ, ಅವ್ರನ್ನ ನೋಡ್ಕೋ" ಎಂದಳು.

ಅತ್ತೆ ಸಿಟ್ಟಾದರು. "ತವರಿಗೆ ಹೊರಟ ಬಸುರೀನ ಅತ್ತೆ ತಡೆದ್ಲು ಅಂತಾರೆ ಊರಲ್ಲಿ. ಯಾವ ಮುಖ ಇಟ್ಕೊಂಡು ಓಡಾಡ್ಲಿ ನಾನು?"

"ಅನ್ನಲಿ ಬಿಡಿ" ಎಂದೆ.

ದಾರಿಯಲ್ಲಿ ಅವರು ಬೈಯುತ್ತಲೇ ಬಂದರು. ನಮ್ಮ ಬೀದಿಯ ತಿರುವಿನಲ್ಲಿ ಬೈಗುಳ ನಿಂತಿತು. ಅವರೂ ನಿಂತರು. ಎಂದೂ ನನ್ನಲ್ಲಿ ಏನನ್ನೂ ಕೇಳದ ನನ್ನ ಅತ್ತೆ, ನೆಲ ನೋಡುತ್ತಾ ಸಣ್ಣ ದನಿಯಲ್ಲಿ ಕೇಳಿದರು:

"ನಿಜವಾಗ್ಲೂ ಇರ್ತೀಯಾಮ್ಮ, ನನಗೋಸ್ಕರ?"