ಆರಿದ ಪೋಹೆಯ ಚಿತ್ರಕಥೆ

ನನ್ನ ಅಣ್ಣನ ಮಗಳು ಮೊಬೈಲಿನಲ್ಲಿ ಚಿತ್ರಕಥೆ ಬಿಡಿಸಿ, ಹೆಸರು ಹಾಕದೆ ಇಂಟರ್ನೆಟ್ಟಿಗೆ ಏರಿಸುತ್ತಾಳೆ. ಮಾತೆಲ್ಲ ಮರಾಠಿ, ಕನ್ನಡ ಅವಳಿಗೆ ಮನೆಯೊಳಗಿನ ಭಾಷೆ ಮಾತ್ರ. ಕಥೆಯಲ್ಲಿ ದುಂಡು ಕನ್ನಡಕದ ಒಬ್ಬ ಹುಡುಗಿ. ನೌಕರಿಯ ಸಂದರ್ಶನಕ್ಕೆ ಹೋಗುತ್ತಾಳೆ, ಹೆದರುತ್ತಾ ತೂಕ ನೋಡಿಕೊಳ್ಳುತ್ತಾಳೆ, ವರನ ಕಡೆಯವರ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾಳೆ. ಕೆಳಗೆ ಯಾವ್ಯಾವುದೋ ಊರಿನ ಹುಡುಗಿಯರು ‘ನಮ್ಮ ಮನೆಗೆ ಯಾವಾಗ ಬಂದಿದ್ದೆ?’ ಎಂದು ಬರೆಯುತ್ತಾರೆ. ಬಿಡಿಸುವವಳು ಇವಳೆಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಅವಳನ್ನು ನೋಡಲು ಬೇಡಗ ಎಂಬ ಹಳ್ಳಿಯವರು ವಿಶ್ರಾಮಬಾಗದ ಅಣ್ಣನ ಮನೆಗೆ ಬಂದರು. ಅವತ್ತು ನಾನೂ ಅಲ್ಲಿದ್ದೆ. ಅಣ್ಣ ಮನಸ್ಸಿನಲ್ಲಿ ಆಗಲೇ ಲಗ್ನ ಮಾಡಿ ಮುಗಿಸಿದ್ದ. ಮಂದಿಯನ್ನು ನೋಡಿ ಹೇಳುತ್ತೇನೆ ಎಂದು ಅವಳು ತಡೆದಿದ್ದಳು. ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ತಿನ್ನುವಂತಿಲ್ಲ. ಅತ್ತಿಗೆ ಈರುಳ್ಳಿಯಿಲ್ಲದ ಪೋಹೆಯನ್ನು, ಅಂದರೆ ಒಗ್ಗರಣೆ ಅವಲಕ್ಕಿಯನ್ನು, ಮಧ್ಯಾಹ್ನವೇ ಮಾಡಿಟ್ಟು ಕಾದಳು. ಅವರು ಬಂದದ್ದು ದೀಪ ಹಚ್ಚಿದ ಮೇಲೆ. ದಾರಿಯಲ್ಲಿ ಮಿರಜದಲ್ಲಿ ಇನ್ನೊಂದು ಹುಡುಗಿಯನ್ನು ನೋಡಿ, ಅಲ್ಲೇ ತಿಂದು ಬಂದಿದ್ದರು. ಅದನ್ನು ಅವರೇ ಹೇಳಿದರು. ಮುಚ್ಚಿಡುವ ಸಂಗತಿ ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

ಯಾರೂ ತಿನ್ನುವುದಿಲ್ಲ, ಆದರೂ ಹುಡುಗಿ ತಟ್ಟೆ ತರಬೇಕು. ತರುವಾಗಲೇ ಅಲ್ಲವೇ ನೋಡುವುದು. ಅವಳು ಆರಿದ ಪೋಹೆಯನ್ನು ಎಲ್ಲರ ಮುಂದೆ ಇಟ್ಟಳು. ವರನ ತಾಯಿ, ಇನ್ನು ಬಾಯಿಗೆ ಏನೂ ಹಾಕುವುದಿಲ್ಲವೆಂದು ತಟ್ಟೆಗೆ ಕೈ ಮುಗಿದರು. ಆಮೇಲೆ ಅವಳ ಕನ್ನಡಕ ತೆಗೆಸಿದರು, ಬಾಗಿಲವರೆಗೆ ನಡೆಸಿ ತಿರುಗಿಸಿದರು. ಸಂತೆಯಲ್ಲಿ ಆಡಿನ ಬಾಯಿ ಬಿಡಿಸಿ ಹಲ್ಲು ನೋಡುವುದನ್ನು ಕಂಡಿದ್ದೇನೆ. ಅಲ್ಲಿ ಕನಿಷ್ಠ ಯಾರೂ ಆಡಿನ ಓದು ವಿಚಾರಿಸುವುದಿಲ್ಲ.

ಅಷ್ಟರಲ್ಲಿ ವರನ ತಾಯಿಯ ಮೊಬೈಲಿಗೆ ಯಾರೋ ಒಂದು ಚಿತ್ರಕಥೆ ಕಳಿಸಿದರು. ನಮ್ಮ ಹುಡುಗಿಯದೇ, ತಟ್ಟೆ ಹಿಡಿದು ನಿಲ್ಲುವ ಆ ಕಥೆ. ಅವರು ನಗುತ್ತ ಅತ್ತಿಗೆಯ ಮುಂದೆ ಹಿಡಿದರು.

“ನೋಡ್ರಿ ವೈನಿ, ಎಂಥೆಂಥಾ ಮಂದಿ ಇರ್ತಾರ. ಹುಡುಗೀನ ಬದನಿಕಾಯಿ ಹಂಗ ಹೊಳ್ಳಿಸಿ ಹೊಳ್ಳಿಸಿ ನೋಡ್ತಾರ.”

ಅಣ್ಣನೂ ನಕ್ಕ.

“ಆ ಚಿತ್ರಾ ನಾನ ತಗದೇನ್ರಿ, ಮಾವಶಿ,” ಎಂದಳು ಹುಡುಗಿ.

ಅವರಿಗೆ ಏನೂ ತಾಗಲಿಲ್ಲ. “ಹೌದನವಾ? ಶ್ಯಾಣ್ಯಾಕಿ ಅದಿ. ಲಗ್ನಾದ ಮ್ಯಾಲ ಇದೆಲ್ಲಾ ಬಂದ್ ಮಾಡೂದು, ಅಷ್ಟ.”

ವರ ತನ್ನ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ, “ಹೆಂಗೂ ತಿನ್ನಂಗಿಲ್ಲಲ್ಲರಿ, ಒಳಗ ಒಯ್ತೀನಿ,” ಎಂದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ನಮ್ಮಲ್ಲಿ ಬಂದವರು ಏಳುವ ಮೊದಲು ತಟ್ಟೆ ಎತ್ತಿದರೆ, ಎದ್ದು ಹೋಗಿ ಎಂದ ಹಾಗೆ. ಅವರು ಎದ್ದರು. ಇನ್ನು ಆ ಕಾರ್ಟೂನಿನ ಜೊತೆಗೇ ಲಗ್ನವಾಗು ಎಂದು ಅಣ್ಣ ಈಗಲೂ ಹಂಗಿಸುತ್ತಾನೆ.

ಆ ಸಂಜೆಯನ್ನೂ ಅವಳು ಬಿಡಿಸಿದಳು. ನನ್ನ ತೊಂದರೆ ಶುರುವಾದದ್ದು ಅಲ್ಲಿಂದ. ಅವಳ ಚಿತ್ರದಲ್ಲಿ ತಟ್ಟೆಗಳು ಸ್ಟೀಲಿನವು, ನನ್ನ ನೆನಪಿನಲ್ಲೂ. ಅತ್ತಿಗೆ ಮಾತ್ರ ಅವತ್ತು ಗಾಜಿನವನ್ನೇ ತೆಗೆದಿದ್ದೆ ಎನ್ನುತ್ತಾಳೆ. ಎಷ್ಟು ನಾನು ಕಂಡದ್ದು, ಎಷ್ಟು ಅವಳು ಬಿಡಿಸಿದ್ದು, ಹೇಳಲಾರೆ. ಒಂದು ಸಂಗತಿ ಆ ಚಿತ್ರಗಳಲ್ಲಿಲ್ಲ, ಆದ್ದರಿಂದ ಅದು ನನ್ನದೇ ಇರಬೇಕು. ನಮ್ಮ ತಟ್ಟೆಗೆ ಕೈ ಮುಗಿದ ಆ ಹೆಂಗಸು, ಮಿರಜದ ಮನೆಯವರು ತಿಂಡಿಯ ಮೇಲೆ ಕೊಟ್ಟ ಬಡೀಸೋಪನ್ನು, ಆ ಸೋಂಪಿನ ಕಾಳನ್ನು, ಹೊರಡುವವರೆಗೂ ಅಗಿಯುತ್ತಲೇ ಇದ್ದರು. ಆ ಸಿಹಿ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಹುಡುಗಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅದನ್ನೂ ಬಿಡಿಸಿಬಿಡುತ್ತಾಳೆ.